ಒಂದೇ ಪುಸ್ತಕದಲ್ಲಿದ್ದ ಭರವಸೆ

ಸದನದಲ್ಲಿ ಆಡಿದ ಮಾತನ್ನೆಲ್ಲ ಶೀಘ್ರಲಿಪಿಯಲ್ಲಿ ಬರೆದುಕೊಳ್ಳುವುದು ಅವಳ ಕೆಲಸ. ಹದಿನೆಂಟು ವರ್ಷದಿಂದ ಶಾಸಕರ ಕಾಲಬುಡದ ಅದೇ ಮೇಜು. ವರದಿಗಾರರು ಐದೈದು ನಿಮಿಷಕ್ಕೆ ಬದಲಾಗುತ್ತಾರೆ. ಮುಂದಿನವರು ಅರ್ಧ ನಿಮಿಷ ಮೊದಲೇ ಬಂದು ಬರೆಯತೊಡಗಬೇಕು. ಆ ಅರ್ಧ ನಿಮಿಷ ಇಬ್ಬರ ಪುಸ್ತಕದಲ್ಲೂ ಇರಬೇಕು. ಆ ದಿನ ಇರಲಿಲ್ಲ.

ಮಾತಾಡುತ್ತಿದ್ದವರು ಟೀಚರ್. ಶಾಸಕಿಯಾಗಿ ಎರಡು ವರ್ಷವಾದರೂ ಪಾಠ ಹೇಳಿದ ಕಾಲದ ಹೆಸರು ಬಿಟ್ಟಿರಲಿಲ್ಲ. ಕಂಡಕ್ಟರ್ ಹೆಂಗಸರಿಗೆ ಬಸ್ ನಿಲ್ದಾಣಗಳಲ್ಲಿ ಶೌಚಾಲಯ ಬೇಕೆಂದು ಎಂಟು ತಿಂಗಳಿಂದ ಪಟ್ಟು ಹಿಡಿದಿದ್ದರು. ಅರವತ್ತೆರಡು ನಿಲ್ದಾಣಗಳಿಗೆ ತಾವೇ ಬಸ್ಸಿನಲ್ಲಿ ಹೋಗಿ, ಎಲ್ಲಿ ಬಾಗಿಲಿಲ್ಲ, ಎಲ್ಲಿ ನೀರಿಲ್ಲ, ಎಲ್ಲಿ ಬರೀ ಬೀಗ ಎಂದು ಪಟ್ಟಿ ಮಾಡಿ ತಂದಿದ್ದರು. ವರದಿಗಾರ್ತಿಯ ಅಕ್ಕನೂ ಕಂಡಕ್ಟರ್. ಡ್ಯೂಟಿ ಮುಗಿಯುವ ತನಕ ಗುಟುಕು ನೀರು ಕುಡಿಯದೆ ಎರಡು ಸಲ ಆಸ್ಪತ್ರೆ ಸೇರಿದವಳು.

ಸಾರಿಗೆ ಸಚಿವರು ರೇಗಿ ಎದ್ದರು. ಟೀಚರ್ ಅವರ ಮೈಕ್ ಆರಿತು, ಸಚಿವರದು ಇನ್ನೂ ಹತ್ತಿರಲಿಲ್ಲ. "ಆಯ್ತಮ್ಮಾ, ಆರು ತಿಂಗಳಲ್ಲಿ ಅರವತ್ತೆರಡೂ ಕಟ್ಟಿಸಿಕೊಡ್ತೀನಿ, ಸಾಕಾ?" ಅವಳು ಬರೆದುಕೊಂಡಳು. ಸದನದಲ್ಲಿ ಕೊಟ್ಟ ಮಾತು ಕಲಾಪದ ವರದಿಯಲ್ಲಿ ಅಚ್ಚಾಯಿತೆಂದರೆ ಭರವಸೆ ಸಮಿತಿ ಸಚಿವರ ಬೆನ್ನು ಬಿಡುವುದಿಲ್ಲ. ಪಾಳಿ ಬದಲಾಗುವ ಹೊತ್ತು. ಪಕ್ಕದ ಕುರ್ಚಿ ಖಾಲಿಯಿತ್ತು.

ಮಧ್ಯಾಹ್ನ ಮುಖ್ಯ ವರದಿಗಾರರ ಕೋಣೆಗೆ ಕರೆ ಬಂತು. ಸಚಿವರ ಆಪ್ತ ಕಾರ್ಯದರ್ಶಿ ಕಾಲಮೇಲೆ ಕಾಲು ಹಾಕಿ ಕೂತಿದ್ದ.

"ರೆಕಾರ್ಡಿಂಗ್‌ನಲ್ಲಿ ಇಲ್ಲದ ಮಾತು ನಿಮ್ಮ ಪುಸ್ತಕಕ್ಕೆ ಹೇಗೆ ಬಂತು ಮೇಡಂ? ನಿಮ್ಮಕ್ಕನೂ ಕಂಡಕ್ಟರ್ ಅಂತಲ್ಲ!"

"ಅಕ್ಕ ಕಂಡಕ್ಟರ್ ಆದ್ರೆ ನನ್ನ ಕಿವಿ ಕೆಟ್ಟುಹೋಗುತ್ತಾ ಸರ್?"

ಮುಖ್ಯ ವರದಿಗಾರರು ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು. "ನೀನು ಸುಳ್ಳು ಬರೆಯೋಳಲ್ಲ, ಗೊತ್ತಮ್ಮ. ಆದ್ರೆ ಒಂದೇ ಪುಸ್ತಕದಲ್ಲಿರೋದನ್ನ ಇವರು ಒಪ್ಪಲ್ಲ ಅಂದ್ರೆ ನಾನು ಹೊಡೆದುಹಾಕ್ಬೇಕು. ನಾಲ್ಕು ಗಂಟೆಗೆ ಅಚ್ಚಿಗೆ ಹೋಗುತ್ತೆ."

ಗಡಿಯಾರದಲ್ಲಿ ಮೂರೂವರೆ.

ಅವಳು ಓಡಿದಳು. ಮುಂದಿನ ಪಾಳಿ ಡುಮ್ಮಣ್ಣನದು. ಮಗಳ ಶಾಲೆಯ ಫೋನು ಬಂದು ತಡವಾಗಿ ಕೂತಿದ್ದ. ಸರಿಯಾದ ಹೊತ್ತಿಗೇ ಕೂತೆನೆಂದು ಬೆಳಗ್ಗೆಯೇ ಸಹಿ ಹಾಕಿಬಿಟ್ಟಿದ್ದ.

"ಡುಮ್ಮಣ್ಣಾ, ಟೈಪ್ ಮಾಡಿದ್ದು ಬೇಡ. ಕೈಬರಹದ ಪುಸ್ತಕ ತೆಗಿ. ಮೊದಲನೇ ಸಾಲು ಓದು."

"ಅದು ತಲೆಬುಡ ಇಲ್ಲದ್ದು ಕಣಮ್ಮ. ಅದಕ್ಕೇ ಟೈಪ್ ಮಾಡ್ಲಿಲ್ಲ."

"ಬಿಟ್ಟಿದ್ದನ್ನೇ ಓದು ಅಂತಿದ್ದೀನಿ."

ಅವನು ಹಾಳೆ ತಿರುಗಿಸಿದ. ಓದಿದವನೇ ಮುಖ ಸಪ್ಪಗೆ ಮಾಡಿಕೊಂಡ. "ಇದನ್ನ ತೋರಿಸಿದ್ರೆ ನಾನು ತಡ ಬಂದಿದ್ದು ಬಯಲಾಗುತ್ತೆ. ಈ ವರ್ಷ ಆಗ್ಲೇ ಎರಡು ಮೆಮೊ ತಿಂದಿದ್ದೀನಿ."

"ಗೊತ್ತು."

"ಗೊತ್ತಿದ್ದೂ ಕೇಳ್ತೀಯಲ್ಲ!"

"ಕೇಳ್ತೀನಿ. ನೀನು ಬರಲ್ಲ ಅಂದ್ರೆ ಎಳ್ಕೊಂಡು ಹೋಗೋ ಶಕ್ತಿ ನಂಗಂತೂ ಇಲ್ಲ. ನಿನ್ನ ತೂಕ ನಿಂಗೇ ಗೊತ್ತು."

ಡುಮ್ಮಣ್ಣ ನಗಲಿಲ್ಲ. ಅವಳು ಬಾಗಿಲಲ್ಲೇ ನಿಂತಳು. ಮೂರು ಐವತ್ತಕ್ಕೆ ಅವನು ಕುರ್ಚಿ ಹಿಂದಕ್ಕೆ ಸರಿಸಿ ಎದ್ದ.

ಮುಖ್ಯ ವರದಿಗಾರರ ಕೋಣೆಯಲ್ಲಿ ಅವನು ಪುಸ್ತಕ ಬಿಡಿಸಿ ಓದಿದ. "ಟೀಚರ್ ಹೇಳಿದ್ದು: '…ತಿಂಗಳು ಅಂದ್ರಿ, ಅರವತ್ತೆರಡೂ ಅಂದ್ರಿ. ತಾರೀಕು ಹಾಕ್ಕೊಂಡೆ ಸಚಿವರೇ.' ಇದರ ಹಿಂದಿನದು ನನ್ನ ಕಿವಿಗೆ ಬಿದ್ದಿಲ್ಲ ಸರ್. ನಾನು ಆಗಷ್ಟೇ ಕೂತೆ. ತಡವಾಗಿ."

ಮುಖ್ಯ ವರದಿಗಾರರು ಎರಡೂ ಪುಸ್ತಕಗಳನ್ನು ಅಕ್ಕಪಕ್ಕ ಇಟ್ಟು, ಬೆರಳಿಟ್ಟು, ಗೆರೆಗೆರೆ ಓದಿದರು. ಸಚಿವರ ಮಾತಿಗೆ ಟೀಚರ್ ಕೊಟ್ಟ ಉತ್ತರ ಸರಿಹೊಂದಿತ್ತು. ಆಮೇಲೆ ಆ ಪುಟಕ್ಕೆ ಸಹಿ ಹಾಕಿ ಅಚ್ಚಿನ ತಟ್ಟೆಗೆ ಸೇರಿಸಿದರು. ಆಪ್ತ ಕಾರ್ಯದರ್ಶಿ ಎದ್ದುಹೋದ. ಅದೇ ಪೆನ್ನಿನಲ್ಲಿ ಮುಖ್ಯ ವರದಿಗಾರರು ಡುಮ್ಮಣ್ಣನ ಮೂರನೆಯ ಮೆಮೊ ಬರೆಯತೊಡಗಿದರು.

ಸದನದ ಗಂಟೆ ಹೊಡೆಯಿತು.

"ನಡಿಯಮ್ಮ," ಎಂದ ಡುಮ್ಮಣ್ಣ, "ನಿನ್ನ ಪಾಳಿ. ನಾನು ಈಗಲೇ ಬಂದು ಪಕ್ಕದಲ್ಲಿ ಕೂತಿರ್ತೀನಿ."