ಸುಡುವ ಹೊಯ್ಗೆಯಲ್ಲಿ ನಾನು ಓಡಲಿಲ್ಲ

ನಾನು ಚಿಕ್ಕವನಿದ್ದಾಗ ಎರ್ಮಾಳಿನ ಕಡಲ ದಡದ ಸುಡುವ ಹೊಯ್ಗೆಯಲ್ಲಿ ಬರಿಗಾಲಲ್ಲಿ ಓಡಿದೆನೆಂದು ಯಾರು ಹೇಳಿದರೂ ನಂಬಬೇಡಿ ಮಕ್ಕಳೇ. ಹಾಗೆ ಹೇಳುವವಳು ನನ್ನ ಅಕ್ಕ, ಅದೂ ಪ್ರತಿ ಮದುವೆಮನೆಯಲ್ಲಿ. ಕೈಯಲ್ಲಿದ್ದ ಗಂಜಿ ಒಂದು ತೊಟ್ಟೂ ಚೆಲ್ಲಲಿಲ್ಲ ಎಂದು ಸೇರಿಸುವವಳೂ ಅವಳೇ. ಓಡಿದರೆ ಗಂಜಿ ಚೆಲ್ಲದೆ ಇರುತ್ತದೆಯೇ? ಎರಡೂ ನಿಜವಾಗುವುದು ಹೇಗೆ?

ನಡೆದದ್ದು ಬೇರೆ. ಅಪ್ಪ ಕಡಲಿಗೆ ಹೋಗುತ್ತಿದ್ದರು. ದೋಣಿ ಅನ್ನ ಕೊಡುವ ತಾಯಿ ಎಂದು ಅದರ ಹತ್ತಿರ ಯಾರೂ ಚಪ್ಪಲಿ ಹಾಕುತ್ತಿರಲಿಲ್ಲ. ತೆಂಗಿನ ಮರದ ಬುಡದಲ್ಲೇ ಕಳಚಿಡಬೇಕು. ಅಲ್ಲಿಂದ ದೋಣಿಯವರೆಗೆ ಬರೀ ಹೊಯ್ಗೆ, ಅಂದರೆ ಮರಳು. ಮಧ್ಯಾಹ್ನ ಅದು ಒಲೆಯ ಮೇಲಿನ ಕಾವಲಿಯೇ. ಅಪ್ಪನಿಗೆ ದಿನವೂ ಗಂಜಿ ಒಯ್ಯುತ್ತಿದ್ದವಳು ಅಕ್ಕ. ನನಗೋ ದೋಣಿ ಹತ್ತುವ ಆಸೆ. ನನ್ನ ಕಾಟ ತಾಳಲಾರದೆ ಒಂದು ಬೆಳಿಗ್ಗೆ ಅಪ್ಪ, "ನಾಳೆಯ ಗಂಜಿ ನೀನು ತಾ. ಚೆಲ್ಲದೆ ತಂದರೆ ಸಂಜೆ ಕರ್ಕೊಂಡು ಹೋಗ್ತೇನೆ. ಚೆಲ್ಲಿದರೆ ಮತ್ತೆ ದೋಣಿಯ ಮಾತು ಎತ್ತಬಾರದು" ಎಂದರು.

ಕಾಲು ಗಟ್ಟಿಯಿದ್ದರೆ ಸಾಕು ಎಂದರು ಎಲ್ಲರೂ. ನಾನು ಒಪ್ಪಲಿಲ್ಲ. ಬಿಸಿಲು ಎಲ್ಲದರ ಮೇಲೂ ಒಂದೇ ತರ ಬೀಳುತ್ತದೆ. ಹಾಗಾದರೆ ಎಲ್ಲವೂ ಒಂದೇ ತರ ಸುಡಬೇಕಲ್ಲ? ಅವತ್ತೇ ಮಧ್ಯಾಹ್ನ ಪರೀಕ್ಷೆಗೆ ಇಳಿದೆ. ಅಂಗಳದಲ್ಲಿದ್ದ ಹಳೆಯ ದೋಣಿಯ ಕಪ್ಪು ಹಲಗೆ ಮುಟ್ಟಿದರೆ ಅಂಗೈ ಚುರ್ ಎಂದಿತು. ಬಿಳಿ ಚಿಪ್ಪು ಬೆಚ್ಚಗಿತ್ತು, ಅಷ್ಟೇ. ದೋಣಿಗಳಿಲ್ಲದ ಕಡೆ ಚಪ್ಪಲಿ ಹಾಕಿಕೊಂಡೇ ಕಡಲಿಗಿಳಿದೆ, ನೀರು ತಂಪು. ಹೊಯ್ಗೆ ಸುಡುತ್ತಿತ್ತು. ಆದರೆ ಒಂದು ಗೇಣು ತೋಡಿದೆ ನೋಡಿ, ಒಳಗೆ ತಣ್ಣಗೆ, ಒದ್ದೆ ಒದ್ದೆ ವಾಸನೆ! ಕತ್ತಲಾಗುವ ಮುಂಚೆ ಮತ್ತೆ ಹೋದೆ. ಹೊಯ್ಗೆ ಆಗಲೇ ಆರಿತ್ತು. ನೀರು ಮಧ್ಯಾಹ್ನದಂತೆಯೇ ಇತ್ತು, ಈಗ ಹೊಯ್ಗೆಗಿಂತ ಅದೇ ಬೆಚ್ಚಗೆ. ಹೊಯ್ಗೆಗೆ ಕೋಪ ಬರುವುದೂ ಬೇಗ, ಇಳಿಯುವುದೂ ಬೇಗ. ಆ ಕೋಪವೂ ಮೇಲುಮೇಲಿನದು.

ಮರುದಿನ ಮುಚ್ಚಳವಿಲ್ಲದ ಪಾತ್ರೆ ಹಿಡಿದು ಚಪ್ಪಲಿ ಕಳಚಿದೆ. ಬಲೆ ಹೆಣೆಯುತ್ತಿದ್ದವರು ನಗುತ್ತಾ, "ಓಡು ಮಾರಾಯ, ಕಾಲು ಬೇಯ್ತದೆ" ಎಂದು ಕೂಗಿದರು. ನಾನು ಓಡಲಿಲ್ಲ. ಕಾಲ್ಬೆರಳಿನಿಂದ ಮೇಲಿನ ಹೊಯ್ಗೆ ಸರಿಸಿದೆ, ಪಾದವನ್ನು ಒಳಗಿನ ತಂಪಿಗೆ ಹೂತೆ, ಆಮೇಲೆ ಇನ್ನೊಂದು ಪಾದ. ಕಣಕಾಲು ಚುರುಗುಟ್ಟಿತು, ಸುಳ್ಳು ಹೇಳುವುದಿಲ್ಲ. ನಗು ನಿಂತಿತು. ದೋಣಿಯ ಹತ್ತಿರ ಅಪ್ಪ ಪಾತ್ರೆಯೊಳಗೆ ಇಣುಕಿದರು, ಒಂದು ತೊಟ್ಟೂ ಚೆಲ್ಲಿರಲಿಲ್ಲ; ನನ್ನ ಕಾಲು ನೋಡಿದರು.

"ಎಂತ, ನಡ್ಕೊಂಡೇ ಬಂದದ್ದಾ?"

"ಓಡುವ ಅಗತ್ಯ ಎಂತ ಉಂಟು ಅಪ್ಪ?"

ಸಂಜೆ ದೋಣಿ ಮೊದಲ ಅಲೆ ದಾಟಿ ಎದ್ದಾಗ ಉಪ್ಪು ನೀರು ಮುಖಕ್ಕೆ ಬಡಿಯಿತು. ದಡದಲ್ಲಿ ನಿಂತವರಿಗೆಲ್ಲ ರಾಜನಂತೆ ಕೈ ಬೀಸಿದೆ. ಅವರ ನಡುವೆ ಅಕ್ಕನೂ ಇದ್ದಳು.

ನಿಮ್ಮ ಮಣಿಪಾಲದ ಮನೆಯಲ್ಲಿ ಗುಂಡಿ ಒತ್ತಿದರೆ ತಂಪು; ಹೊರಗೆ ಎಷ್ಟು ಬಿಸಿ ಎಂದು ಫೋನು ಹೇಳುತ್ತದೆ. ಹೇಳಲಿ. ಆದರೆ ಟೆರೇಸಿನಲ್ಲಿ ಬಿಳಿ ಟೈಲ್ಸ್ ಉಂಟು, ಪಕ್ಕದಲ್ಲೇ ಕಪ್ಪು ಟ್ಯಾಂಕ್ ಉಂಟು. ಎರಡಕ್ಕೂ ಒಂದೇ ಅಂಕಿ ಸರಿಹೊಂದುತ್ತದೆಯೇ ಎಂದು ಕೈಯಿಟ್ಟು ನೋಡಿ.

ಮೊನ್ನೆ ಇದನ್ನೆಲ್ಲ ಹೇಳಿ ಬೀಗುತ್ತಿದ್ದಾಗ ಮೊಮ್ಮಗಳು ಒಂದು ಪ್ರಶ್ನೆ ಎಸೆದಳು. ವಾದದಲ್ಲಿ ಸೋಲದ ನಾನು ಈಗ ಇಲ್ಲೇ ಕೂತಿರುವ ಅಕ್ಕನ ಕಡೆ ತಿರುಗಬೇಕಾಗಿದೆ. ಅದನ್ನು ನಿನ್ನನ್ನೇ ಕೇಳುತ್ತೇನೆ ಅಕ್ಕಾ: ನನಗಿಂತ ಮೊದಲು ದಿನವೂ ಆ ಹೊಯ್ಗೆ ದಾಟಿ, ಒಮ್ಮೆಯೂ ಚೆಲ್ಲದೆ ಗಂಜಿ ಮುಟ್ಟಿಸಿದವಳು ನೀನಲ್ಲವೇ, ನೀನು ಹೇಗೆ ನಡೆಯುತ್ತಿದ್ದೆ?