ಗಿರಿಜಾಳ ಬಿಯರು, ಅಪ್ಪನ ಅಂಜಿಕೆ

ಮೊನ್ನೆ ವಾಡಿಯ ನಮ್ಮ ಮನೆಯಲ್ಲಿ ಮಗಳು ಕಡಲಪಾಚಿಯ ಚಿಪ್ಸ್ ಪೊಟ್ಟಣ ಒಡೆದಳು. ಉಪ್ಪು, ಹಸಿ ಮಣ್ಣು ಕೂಡಿದಂಥ ಆ ವಾಸನೆಗೆ ನಾನು ಒಬ್ಬಳೇ ನಗತೊಡಗಿದೆ. ಸಮುದ್ರವನ್ನು ನೋಡಿದವಳಲ್ಲ ನಾನು. ಅದರ ವಾಸನೆ ಮಾತ್ರ ಶಹಾಬಾದದ ತವರುಮನೆಯ ಪಡಸಾಲೆಯಲ್ಲೇ ಪರಿಚಯವಾಗಿತ್ತು.

ನನ್ನ ತಂಗಿ ಗಿರಿಜಾ ಗೋವಾದಲ್ಲಿ ಬಿಯರ್ ತಯಾರಿಸುತ್ತಾಳೆ. ದೊಡ್ಡ ಕಾರ್ಖಾನೆಯಲ್ಲ, ಕಡಲಪಾಚಿ, ಹುಣಸೆ, ಬಿಳಿಜೋಳ ಹೀಗೆ ಯಾರೂ ಹಾಕದ್ದನ್ನೆಲ್ಲ ಹಾಕಿ ನೋಡುವ ಸಣ್ಣ ಜಾಗ. ಈಗ ಎಷ್ಟು ಸಲೀಸಾಗಿ ಹೇಳುತ್ತಿದ್ದೇನೆ ನೋಡಿ! ಆಗ ಧೈರ್ಯ ಯಾರಿಗಿತ್ತು? ಅಪ್ಪ ನಿವೃತ್ತ ಮಾಸ್ತರು, ಲಿಂಗಪೂಜೆ ಮುಗಿಯದೆ ಚಹಾ ಮುಟ್ಟದವರು. ಅವರಿಗೆ ನಾವು ಹೇಳಿದ್ದು ‘ಜ್ಯೂಸ್ ಕಂಪನಿ’. ಅವ್ವ, ಗಿರಿಜಾ, ನಾನು ಅಡುಗೆಮನೆಯಲ್ಲಿ ಗುಸುಗುಸು ನಡೆಸುತ್ತಿದ್ದೆವು. ಅಪ್ಪ ಬಂದೊಡನೆ ನಾನು ಒಗ್ಗರಣೆಯ ಬಗ್ಗೆ ಬಹಳ ಗಂಭೀರವಾಗಿ ಮಾತಾಡುತ್ತಿದ್ದೆ.

ಒಂದು ಬೇಸಿಗೆ ಅವಳು ನನಗೆ ರುಚಿ ತೋರಿಸಲೆಂದು ಒಂದು ಬಾಟಲಿಯನ್ನು ಸೀರೆಯಲ್ಲಿ ಸುತ್ತಿ ತಂದಳು. ನಮ್ಮ ಬಿಸಿಲು ಆ ಬಾಟಲಿಗೆ ಹೊಸದು. ಮಧ್ಯಾಹ್ನ ಎಲ್ಲರೂ ಪಡಸಾಲೆಯಲ್ಲಿ ಊಟಕ್ಕೆ ಕೂತಾಗ, ಮಂಚದ ಕೆಳಗೆ ಬಚ್ಚಿಟ್ಟಿದ್ದ ಅದು ‘ಢಂ’ ಎಂದಿತು. ಫರಸಿಕಲ್ಲಿನ ನೆಲದ ಮೇಲೆ ನೊರೆ ಹರಿದು ಬಂದು ಅಪ್ಪನ ತಾಟಿನ ಹತ್ತಿರ ನಿಂತಿತು.

“ಏನಿದು?” ಅಂದರು ಅಪ್ಪ.

ಜ್ಯೂಸ್ ಎನ್ನಲು ನಾನು ಬಾಯಿ ತೆರೆದೆ. ಅಷ್ಟರಲ್ಲಿ ಗಿರಿಜಾ ಹೇಳಿಬಿಟ್ಟಳು: “ಬಿಯರ್ ಅದ ಅಪ್ಪಾ. ಕಡಲಪಾಚಿ ಹಾಕಿ ನಾನೇ ಮಾಡೀನಿ. ನನ್ನ ಕೆಲಸಾನೇ ಅದು.”

ಅಪ್ಪ ಅವ್ವನ ಕಡೆ ತಿರುಗಿದರು. “ಮೂರೂ ಮಂದಿ ಕೂಡಿ ನನ್ನ ಮುಂದ ಮುಚ್ಚಿಟ್ಟಿದ್ದು ಇದೇ ಏನು?”

“ಹೌದ್ರೀ,” ಅಂದಳು ಅವ್ವ.

“ಅಕಿಗಿ ಬ್ಯಾನಿ-ಗೀನಿ ಏನೂ ಇಲ್ಲಲ್ಲ?”

“ಇಲ್ರೀ. ಯಾಕ?”

ಅಪ್ಪ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. “ಪೋರಿ ಭಾಳ ಸೊರಗ್ಯಾಳ. ನಾ ಬಂದ್ರ ನೀವು ಮಾತು ನಿಲ್ಲಸ್ತೀರಿ. ಏನೋ ದೊಡ್ಡ ಬ್ಯಾನಿ ಬಂದದ ಅನ್ಕೊಂಡು ನನಗ ನಿದ್ದೀನೇ ಇಲ್ಲ. ಬಿಯರ್ ಅಷ್ಟೇನಾ!”

ಗಿರಿಜಾ ಅಳತೊಡಗಿದಳು, ಅಪ್ಪ ನಗತೊಡಗಿದರು. ಆಮೇಲೆ ಮಾಸ್ತರರ ದನಿ ಬಂತು: “ನಾ ಅಂತೂ ಕುಡಿಯಂಗಿಲ್ಲ. ಆದ್ರ ಅದ್ರಾಗ ಏನೇನ್ ಹಾಕ್ತಿ, ಹೇಳು.” ಅವಳು ಹೇಳುತ್ತಾ ಹೋದಳು, ತಾಟಿನಲ್ಲಿ ಅನ್ನ ಒಣಗಿತು.

ಮೊನ್ನೆ ಆ ಚಿಪ್ಸ್ ತಿಂದು ಮುಗಿಯುವಷ್ಟರಲ್ಲಿ ಅಪ್ಪನದೇ ಫೋನು. “ಗಿರಿಜಾನ ಫೋನ್ ಹತ್ತವಲ್ದು. ಈ ಸಲದ ಬಿಯರ್ ಹೆಂಗಾಗ್ಯಾದ, ಕೇಳಿ ಹೇಳು.”

ಫೋನಿನಲ್ಲಿ ಅಪ್ಪನ ಹಿಂದೆ ಚಹಾದಂಗಡಿಯ ಗದ್ದಲ ಕೇಳುತ್ತಿತ್ತು. ನಾನೇ ದನಿ ತಗ್ಗಿಸಿದೆ: “ಅಪ್ಪಾ, ಬಾಜೂಕ ಮಂದಿ ಅದಾರಲ್ಲಾ!”

“ಇರಲಿ ಬಿಡವ್ವಾ,” ಅಂದರು ಅಪ್ಪ. “ಅವರೇ ಕೇಳಾಕತ್ತಾರ.”