ಮೇಲೆ ಬಂದ್ರಲ್ಲ!

ನನ್ನ ಅಕ್ಷರ ಕೋಳಿ ಕೆದರಿದ ಹಾಗಿದೆ, ಪದಗಳೂ ನೆಟ್ಟಗೆ ಬರುವುದಿಲ್ಲ. ಓದುವವರು ಹೊಟ್ಟೆಗೆ ಹಾಕಿಕೊಳ್ಳಬೇಕು. ಶಾಲೆ ಬಿಟ್ಟ ಮೇಲೆ ನಾನು ದೊಡ್ಡಮ್ಮನ ಮನೆಯಲ್ಲೇ ಇದ್ದೇನೆ. ಇದು ಅವಳ ಕಥೆ.

ದೊಡ್ಡಮ್ಮ ಔಷಧಿ ಪರೀಕ್ಷಿಸುವ ಪ್ರಯೋಗಾಲಯದಲ್ಲಿ ಮೀನು ನೋಡಿಕೊಳ್ಳುತ್ತಿದ್ದಳು. ಕಿರುಬೆರಳಿನಷ್ಟೂ ಇಲ್ಲದ ಪಟ್ಟೆ ಮೀನುಗಳು. ಹೊಸ ತೊಟ್ಟಿಗೆ ಬಿಟ್ಟರೆ ಹೆದರಿ ತಳ ಹಿಡಿಯುತ್ತವೆ. ಆತಂಕ ಇಳಿಸುವ ಔಷಧಿ ಬೆರೆಸಿದ ನೀರಲ್ಲಿ ಇಟ್ಟು ಆಮೇಲೆ ಬಿಟ್ಟರೆ, ಆ ಔಷಧಿಯಲ್ಲಿ ಗುಣವಿದ್ದರೆ, ಬೇಗ ಮೇಲೆ ಬಂದು ಆರಾಮಾಗಿ ಓಡಾಡುತ್ತವೆ. ಆಗ ದೊಡ್ಡಮ್ಮ, "ಬಂತು ಮೇಡಂ, ಮೇಲೆ ಬಂತು!" ಎಂದು ಮಗುವಿನ ಹಾಗೆ ಹಿಗ್ಗುತ್ತಿದ್ದಳು.

"ಸ್ವಲ್ಪ ತಡೀರಿ. ಉಸಿರು ಸಿಗದಿದ್ರೂ ಮೀನು ಮೇಲೆ ಬರುತ್ತೆ. ಬಾಯಿ ನೋಡಿ, ಕಿವಿರು ನೋಡಿ," ಎನ್ನುತ್ತಿದ್ದರು ಪರೀಕ್ಷೆ ನಡೆಸುವ ಮೇಡಂ. ಹಾಗಾಗಿ ದೊಡ್ಡಮ್ಮ ಒಂದೊಂದು ಮೀನಿನ ಬಾಯಿಯನ್ನೂ ಬಗ್ಗಿ ನೋಡುತ್ತಿದ್ದಳು.

ದೊಡ್ಡಪ್ಪ ಬಸ್ಸಿನ ಡ್ರೈವರ್. ಒಂದು ಅಪಘಾತವಾದ ಮೇಲೆ ಹಿಂದಿನ ಕೋಣೆ ಸೇರಿದವರು ಹೊರಗೆ ಬರುತ್ತಲೇ ಇರಲಿಲ್ಲ. ಬೀದಿಯಲ್ಲಿ ಹಾರ್ನ್ ಕೇಳಿದರೆ ಸಾಕು, ಗೋಡೆಗೆ ಅಂಟಿಕೊಳ್ಳುತ್ತಿದ್ದರು.

"ನಿನ್ನ ಮೀನಿನ ನೀರು ನನಗೂ ಒಂದು ಲೋಟ ತಾರೆ," ಎನ್ನುತ್ತಿದ್ದರು.

"ಕುಡಿದ್ರೆ ಮೈಮೇಲೆ ಪಟ್ಟೆ ಬರುತ್ತೆ. ಆಮೇಲೆ ನಿಮಗೂ ಬಲೆ ಹಾಕ್ಬೇಕಾಗುತ್ತೆ."

"ಮದುವೆ ದಿನಾನೇ ಹಾಕಿದೀಯಲ್ಲ!"

ಒಂದು ಸಂಜೆ ದೊಡ್ಡಮ್ಮ ಕೆಲಸದಿಂದ ಬಂದಾಗ ದೊಡ್ಡಪ್ಪ ತಾರಸಿಯ ಮೇಲೆ ಗಾಳಿಗೆ ಮುಖವೊಡ್ಡಿ ಕೂತಿದ್ದರು. ಅವಳು ಚೀಲವನ್ನು ಮೆಟ್ಟಿಲಲ್ಲೇ ಬಿಟ್ಟು ಓಡಿದಳು.

"ಮೇಲೆ ಬಂದ್ರಲ್ಲ!"

"ಕೆಳಗೆ... ಮಲಗಕ್ಕೆ ಆಗ್ತಿಲ್ಲ ಕಣೆ. ಇಲ್ಲಿ... ಗಾಳಿ ಇದೆ."

ಅವಳ ಕಿವಿಗೆ ಅದು ಬೀಳಲೇ ಇಲ್ಲ. ಪಕ್ಕದ ಮನೆಯವರಿಗೆ ಗೋಡೆಯ ಮೇಲಿಂದಲೇ ಕೂಗಿ ಹೇಳಿದಳು, "ನಮ್ಮೋರು ಮೇಲೆ ಬಂದ್ರು ಕಣ್ರೀ!" ಇಬ್ಬರಿಗೂ ಟೀ ಮಾಡಿ ತಾರಸಿಗೇ ತಂದಳು. ಮರುದಿನವೂ ಅವರು ಅಲ್ಲೇ ಇದ್ದರು. ಅದರ ಮರುದಿನ ಟೀ ತಂದಾಗ ಗೋಡೆಗೆ ಒರಗಿದ್ದರು, ಕರೆದರೆ ಓಗೊಡಲಿಲ್ಲ.

"ಹೃದಯ ಸೋತಿತ್ತು. ಮಲಗಿದ್ರೆ ಉಸಿರು ಕಟ್ತಿತ್ತಾ? ಗಾಳಿಗೆ ಹೋಗಿ ಕೂರ್ತಿದ್ರಾ?" ಎಂದು ಕೇಳಿದರು ಆಸ್ಪತ್ರೆಯ ಡಾಕ್ಟರು.

ದೊಡ್ಡಮ್ಮ ನನ್ನ ಕೈ ಹಿಡಿದುಕೊಂಡಳು. "ಬಾಯಿ ನೋಡ್ಲಿಲ್ವಲ್ಲೇ," ಎಂದಳು. "ಮೀನಿಂದೆಲ್ಲ ನೋಡ್ದೆ. ಇವರದ್ದು ನೋಡ್ಲಿಲ್ಲ."

ಅವಳೀಗ ಕೆಲಸಕ್ಕೆ ಹೋಗುವುದಿಲ್ಲ. ಹಿಂದಿನ ಕೋಣೆಯಲ್ಲಿ, ದೊಡ್ಡಪ್ಪ ಅಂಟಿಕೊಳ್ಳುತ್ತಿದ್ದ ಗೋಡೆಗೆ ಬೆನ್ನು ಕೊಟ್ಟು ಕೂತಿರುತ್ತಾಳೆ. ಅವರ ಅಂಗಿ ತಾರಸಿಯ ಹಗ್ಗದ ಮೇಲೆ ಹಾಗೇ ಇದೆ. ತೆಗೆಯಲು ಅವಳು ಹತ್ತುವುದಿಲ್ಲ, ನನ್ನನ್ನೂ ಬಿಡುವುದಿಲ್ಲ. ಬಂದವರೆಲ್ಲ, "ಏಳಮ್ಮ, ಸ್ವಲ್ಪ ಮೇಲೆ ಗಾಳಿಗೆ ಬಾ," ಎನ್ನುತ್ತಾರೆ. ಆ ಮಾತಿಗೆ ಅವಳು ಕಿವಿ ಮುಚ್ಚಿಕೊಳ್ಳುತ್ತಾಳೆ.

ನಾನು ಹಾಗೆ ಕರೆಯುವುದಿಲ್ಲ. ಈಗ ಪೆನ್ನು ಇಟ್ಟು, ಹೋಗಿ ಅವಳ ಪಕ್ಕದಲ್ಲಿ ಕೂರುತ್ತೇನೆ.